ಟಾಂಗಾ ಮೇಡಂ

ಹಾವೇರಿಯ ನಮ್ಮ ಕಾಲೇಜಿನಲ್ಲಿ ಹುಡುಗರು ಅವರನ್ನು ಟಾಂಗಾ ಮೇಡಂ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕುದುರೆಗಾಡಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ರಾಣೇಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರಿಗೆ ಬಂದು, ಸ್ಟೇಷನ್ನಿನಿಂದ ಕಾಲೇಜಿನವರೆಗೆ ಆಟೋ ಕೂಡ ಹತ್ತದೆ ನಡೆದು ಬರುವ ಹೆಂಗಸು ಅವರು. ಅವರು ಪಿಎಚ್‌ಡಿಗೆಂದು ಆರಿಸಿಕೊಂಡಿದ್ದ ಎರಡು ದೇಶಗಳಲ್ಲಿ ಒಂದರ ಹೆಸರು ಟೋಂಗಾ, ಇನ್ನೊಂದು ಸಮೋವಾ. ಪೆಸಿಫಿಕ್ ಸಾಗರದ ನಟ್ಟನಡುವೆ ಇರುವ ಪುಟ್ಟ ದ್ವೀಪಗಳ ದೇಶಗಳು. ಅಲ್ಲಿ ರಸ್ತೆ, ಬಂದರು, ಕಟ್ಟಡ, ಯಂತ್ರ, ಹೀಗೆ ವರ್ಷಾನುಗಟ್ಟಲೆ ನಿಂತು ಉಪಯೋಗಕ್ಕೆ ಬರುವ ವಸ್ತುಗಳ ಮೇಲೆ ಯಾವ್ಯಾವ ಕಾಲದಲ್ಲಿ ಎಷ್ಟೆಷ್ಟು ದುಡ್ಡು ಹೂಡಿದರು, ಒಂದು ದೇಶಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಹೋಲಿಸುವುದು ಅವರ ವಿಷಯ. ಅರ್ಥಶಾಸ್ತ್ರದವರು ಇದನ್ನು ಸ್ಥಿರ ಬಂಡವಾಳ ಹೂಡಿಕೆ ಎನ್ನುತ್ತಾರೆ. ಹುಡುಗರಿಗೆ ಅದೆಲ್ಲ ಏಕೆ ಬೇಕು? ಟೋಂಗಾ ಎಂಬ ಹೆಸರು ಸಿಕ್ಕಿತು, ಸಾಕಾಯಿತು.

ನಾನು ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ನನ್ನ ಮನೆಯೂ ರಾಣೇಬೆನ್ನೂರಿನಲ್ಲೇ. ಹೋಗುವಾಗ ಬರುವಾಗ ರೈಲಿನ ಒಂದೇ ಡಬ್ಬಿಯಲ್ಲಿ, ಎದುರುಬದುರು ಕೂತು ವರ್ಷಗಳು ಕಳೆದವು. ನನಗಿಂತ ಬಹಳ ದೊಡ್ಡವರು. ಮೊದಮೊದಲು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಯಾವಾಗಲೋ ಒಮ್ಮೆ ನನಗೆ ಜ್ವರ ಬಂದಾಗ ಗಂಜಿ ಮಾಡಿ ಡಬ್ಬಿಯಲ್ಲಿ ತಂದುಕೊಟ್ಟವರು "ಕುಡಿಯವಾ ತಂಗಿ" ಎಂದರು. ಅಲ್ಲಿಂದ ಏಕವಚನ.

ಆ ರೈಲು ದೇವರಗುಡ್ಡ ದಾಟಿ ಬ್ಯಾಡಗಿಗೆ ಬಂದು ನಿಲ್ಲುತ್ತಿತ್ತು. ಬ್ಯಾಡಗಿ ಅವರ ತವರು. ಅವರಪ್ಪ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟವರು, ಈಗ ಅಣ್ಣ ನಡೆಸುತ್ತಾರೆ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದರೆ ಇಡೀ ಡಬ್ಬಿ ಕೆಮ್ಮುತ್ತಿತ್ತು, ಸೀನುತ್ತಿತ್ತು. ಇವರೊಬ್ಬರು ಮಾತ್ರ ಆರಾಮಾಗಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ದಿನಾ ಎರಡು ಸಲ ತವರಿನ ಪ್ಲಾಟ್‌ಫಾರ್ಮಿನ ಮುಂದೆ ಕೂತು ಹೋಗುವವರು ಅಲ್ಲಿ ಇಳಿದದ್ದನ್ನು ನಾನು ಕಂಡದ್ದು ಅಪರೂಪ.

"ಇಳೀರಲ್ಲ ಮೇಡಂ, ಒಂದ್ ದಿನ ಅಣ್ಣಾರ ಮನ್ಯಾಗ ಊಟಾ ಮಾಡಿ ಬರ್ರಿ" ಎಂದಿದ್ದೆ ಒಮ್ಮೆ.

"ಇಳದ್ರ ಕುಂದ್ರು ಅಂತಾರ, ಕುಂತ್ರ ಉಣ್ಣು ಅಂತಾರ, ಉಂಡ್ರ ಇಲ್ಲೇ ಇದ್ದುಬಿಡು ಅಂತಾರ. ಚಲೋ ಮಂದಿನ ಅವರು. ಆದ್ರ ಆಮ್ಯಾಲೆ ಮಾತಾಡಾಕ ಏನೂ ಇರೂದಿಲ್ಲ ತಂಗಿ" ಎಂದರು.

ಅವರು ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ರಾಣೇಬೆನ್ನೂರಿನಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಗೋಡೆಗೆ ಒಂದು ದೊಡ್ಡ ಭೂಪಟ. ಅದು ಇಂಡಿಯಾ ನಡುವೆ ಬರುವ ಭೂಪಟವಲ್ಲ, ಪೆಸಿಫಿಕ್ ನಡುವೆ ಬರುವಂಥದ್ದು. ಅದರಲ್ಲಿ ನಮ್ಮ ದೇಶ ಎಡಗಡೆ ಮೂಲೆಗೆ ಸರಿದು, ಬಾಗಿಲ ಹಿಂದೆ ಅರ್ಧ ಮರೆಯಾಗಿತ್ತು. ನೋಡಿದವರಿಗೆಲ್ಲ ಏನೋ ತಪ್ಪಾಗಿದೆ ಅನ್ನಿಸುತ್ತಿತ್ತು.

ಕ್ಲಾಸಿನಲ್ಲಿ ಅವರು ಬೇರೆಯೇ ವ್ಯಕ್ತಿ. ಅವರ ಪಾಠ ನಡೆಯುವಾಗ ಪಕ್ಕದ ಕೋಣೆಯಲ್ಲಿ ನನ್ನ ಪಾಠ ಇದ್ದರೆ ನನ್ನ ಹುಡುಗರು ಅತ್ತಲೇ ಕಿವಿ ಇಡುತ್ತಿದ್ದರು. ಒಮ್ಮೆ ಅವರು ಹೇಳುತ್ತಿದ್ದದ್ದು ಗೋಡೆ ದಾಟಿ ಕೇಳಿಸಿತು.

"ಈ ವರ್ಷದ ಮೆಣಸಿನಕಾಯಿ ಮಾರಿದ್ರಿ. ಅದು ಹೋತು. ಕೋಲ್ಡ್ ಸ್ಟೋರೇಜ್ ಕಟ್ಟಿದ್ರಿ. ಅದು ಬರೂ ವರ್ಷನೂ ಅಲ್ಲೇ ನಿಂತಿರತೈತಿ, ಅದರಾಚಿ ವರ್ಷನೂ ನಿಂತಿರತೈತಿ. ಹೋಗೂದು ಯಾವ್ದು, ನಿಲ್ಲೂದು ಯಾವ್ದು, ಅದನ್ನ ಮೊದಲ ತಿಳ್ಕೊಳ್ರಿ."

ಅಗಡಿ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಹಂಗಾರ ಎತ್ತು?"

ಹುಡುಗರು ನಕ್ಕರು. ಮೇಡಂ ನಗಲಿಲ್ಲ. "ಭಾರೀ ಕೇಳಿದಿ ನೋಡು. ಎತ್ತೂ ಸ್ಥಿರ ಬಂಡವಾಳನ. ವರ್ಷಾ ವರ್ಷಾ ದುಡೀತೈತಿ. ಆದ್ರ ಒಂದು ಫರಕ್ ಐತಿ. ಕೋಲ್ಡ್ ಸ್ಟೋರೇಜಿಗೆ ಸಂಜಿಕೆ ಮೈ ತಿಕ್ಕೋರು ಬ್ಯಾಡ, ಎತ್ತಿಗೆ ಬೇಕು" ಎಂದರು. ಆ ಹುಡುಗಿಯನ್ನು ಅವರು ಎಷ್ಟೋ ದಿನ ನೆನಪಿಸಿಕೊಳ್ಳುತ್ತಿದ್ದರು. ಅವಳು ಡಿಗ್ರಿ ಮುಗಿಸಿ ಹೋದ ಮೇಲೂ.

ಇಷ್ಟು ದೂರದ ದ್ವೀಪಗಳು ಅವರ ಕೈಗೆ ಹೇಗೆ ಸಿಕ್ಕವು ಎಂಬುದನ್ನು ರೈಲಿನಲ್ಲೇ ಹೇಳಿದ್ದರು. ಧಾರವಾಡದಲ್ಲಿ ಯಾವುದೋ ಸೆಮಿನಾರು. ಭಾಷಣ ಮಾಡುವವರು ಪರದೆಯ ಮೇಲೆ ದೇಶಗಳ ಒಂದು ದೊಡ್ಡ ಕೋಷ್ಟಕ ತೋರಿಸಿದರು. ಎಲ್ಲ ದೇಶಗಳ ಮುಂದೆಯೂ ಅಂಕಿಗಳಿದ್ದವು. ತೀರಾ ಕೆಳಗಿನ ಸಾಲುಗಳಲ್ಲಿ ಮಾತ್ರ ಅಡ್ಡಗೆರೆ. ಇವರು ಎದ್ದು ನಿಂತು, ಅಲ್ಲಿ ಯಾಕೆ ಏನೂ ಇಲ್ಲ ಎಂದು ಕೇಳಿದರು. ಅವು ಬಹಳ ಸಣ್ಣ ದೇಶಗಳು, ಅವುಗಳನ್ನು ಬಿಟ್ಟರೂ ಲೆಕ್ಕದಲ್ಲಿ ಏನೂ ಹೆಚ್ಚುಕಡಿಮೆ ಆಗುವುದಿಲ್ಲ ಎಂದು ಉತ್ತರ ಬಂತು.

"ಅವರು ಹೇಳಿದ್ದು ಖರೇನ. ಲೆಕ್ಕದಾಗ ಏನೂ ಆಗೂದಿಲ್ಲ. ಆದ್ರ ನನಗ ಅವತ್ತು ಊಟಾನ ಸೇರ್ಲಿಲ್ಲ ನೋಡು. ಅಲ್ಲೂ ಮಂದಿ ಮನಿ ಕಟ್ಕೊಂಡಿರ್ತಾರಲ್ಲ, ರಸ್ತೆ ಮಾಡ್ಕೊಂಡಿರ್ತಾರಲ್ಲ, ಅಂತ ಒಂದ ಸಮ ಅನಸಾಕತ್ತು" ಎಂದರು.

ಮನೆ ಬಾಗಿಲಲ್ಲೇ ಬ್ಯಾಡಗಿಯ ಮಾರುಕಟ್ಟೆ ಇದೆ, ಅದರ ಮೇಲೆ ಮಾಡಿರಿ, ಎರಡು ವರ್ಷದಲ್ಲಿ ಮುಗಿಯುತ್ತದೆ ಎಂದು ಅವರಿಗೆ ಹೇಳದವರಿಲ್ಲ. ಅವರ ಗೈಡ್ ಹೇಳಿದರು, ಪ್ರಿನ್ಸಿಪಾಲರು ಹೇಳಿದರು, ನಾನೂ ಹೇಳಿದೆ. ಅಣ್ಣನ ಹೊಸ ಕೋಲ್ಡ್ ಸ್ಟೋರೇಜಿನ ಪೂಜೆಯ ದಿನ ಇಡೀ ಬಳಗವೇ ಹೇಳಿತು.

ಆ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಶಾಮಿಯಾನ, ಮಾದಲಿ ಊಟ, ವ್ಯಾಪಾರಸ್ಥರ ಗದ್ದಲ. ಮೇಡಂ ಹೊಸ ಪತ್ತಲ ಉಟ್ಟಿದ್ದರು. ಬಂದವರೆಲ್ಲ ಹೊರಗೆ ಕೂತು ಮಾತಾಡುತ್ತಿದ್ದರೆ ಇವರು ಒಳಗೆ ಹೋಗಿ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದರು. ಯಂತ್ರದವನನ್ನು ಹಿಡಿದು, ಇದು ಎಷ್ಟು ವರ್ಷ ಬಾಳುತ್ತದೆ, ಯಾವ ಭಾಗ ಮೊದಲು ಸವೆಯುತ್ತದೆ ಎಂದು ಕೇಳಿದರು. ಅಣ್ಣನಿಗೆ ಹೆಮ್ಮೆಯೇ ಆಯಿತು. ತಂಗಿಯನ್ನು ಹೊರಗೆ ಕರೆತಂದು ಹುಬ್ಬಳ್ಳಿಯ ಕಡೆಯ ವ್ಯಾಪಾರಿಗಳಿಗೆ ಪರಿಚಯ ಮಾಡಿಸಿದರು.

"ನಮ್ಮ ತಂಗಿ ರಿ. ಹಾವೇರ್ಯಾಗ ಕಾಲೇಜಿನ್ಯಾಗ ಅದಾಳ. ಯಾವ್ದೋ ದ್ವೀಪದ ಮ್ಯಾಲೆ ದೊಡ್ಡ ಪುಸ್ತಕ ಬರ್ಯಾಕತ್ತಾಳ."

"ಹೌದ್ರಿ? ಎಷ್ಟ್ ಸಲ ಹೋಗಿ ಬಂದ್ರಿ ಬಾಯಾರ ಅಲ್ಲಿಗೆ?" ಎಂದು ಒಬ್ಬರು ಕೇಳಿದರು.

"ಒಮ್ಮೆನೂ ಇಲ್ರಿ" ಎಂದರು ಮೇಡಂ.

"ಮತ್ತ ಅವರು ನಮ್ಮ ಮೆಣಸಿನಕಾಯಿ ತಗೋತಾರೇನ್ರಿ?"

"ಇಲ್ರಿ."

ಆಮೇಲೆ ಆ ವ್ಯಾಪಾರಿಗೂ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಮಾತು ಆ ದಿನದ ರೇಟಿನ ಕಡೆಗೆ ಹೊರಳಿತು. ಮೇಡಂ ಅಲ್ಲೇ ಒಂದು ಕುರ್ಚಿಯ ಅಂಚಿನಲ್ಲಿ ಕೂತು, ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು. ಅವರ ಅತ್ತಿಗೆ ನನ್ನನ್ನು ಅಡುಗೆಮನೆಯ ಕಡೆ ಕರೆದು, "ನೀವರ ಹೇಳ್ರಿ ಅಕಿಗೆ. ಮ್ಯಾಲಿನ ಖೋಲಿ ಖಾಲಿನ ಐತಿ, ಇಲ್ಲೇ ಬಂದಿರು ಅಂದ್ರ ಬರವಲ್ಲಳು. ವಯಸ್ಸಾಕ್ಕೋಂತ ಹೊಂಟೈತಿ, ಒಬ್ಬಾಕಿನ ಹೆಂಗ ಇರತಾಳ?" ಎಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಕಪಟವಿಲ್ಲದ ಹೆಂಗಸು.

ಕಾಲೇಜಿನ ಪ್ರವಾಸದಲ್ಲಿ ಕಾರವಾರಕ್ಕೆ ಹೋದಾಗ ಮೇಡಂ ಮೊದಲ ಸಲ ಸಮುದ್ರ ನೋಡಿದರು. ಇಷ್ಟು ವರ್ಷ ದ್ವೀಪಗಳ ಬಗ್ಗೆ ಓದಿದವರು ಸಮುದ್ರವನ್ನೇ ನೋಡಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅಂದೇ. ಹುಡುಗಿಯರು ಸೀರೆ ಎತ್ತಿ ಹಿಡಿದು ನೀರಿಗೆ ಇಳಿಯಿರಿ ಎಂದು ಎಳೆದರು. ಅವರು ಇಳಿಯಲಿಲ್ಲ. ದೂರದಲ್ಲಿ ಬಂದರಿನ ಕಡೆ ಕಾಣುತ್ತಿದ್ದ ಕಲ್ಲಿನ ತಡೆಗೋಡೆಯನ್ನೇ ನೋಡುತ್ತ ನಿಂತರು.

"ಎಲ್ಲಾರೂ ಸೂರ್ಯಾ ಮುಳುಗೂದು ನೋಡಾಕತ್ತಾರ, ನೀವು ಕಲ್ಲು ನೋಡಾಕತ್ತೀರಲ್ಲ ಮೇಡಂ" ಎಂದೆ.

"ಇಷ್ಟು ನೀರು ದಿನಾ ಬಡಿಯೂ ಕಡೆ ಮನಷಾ ಕಲ್ಲು ಒಟ್ಟಿ ನಿಲ್ಲಿಸ್ಯಾನಲ್ಲ, ಅದನ್ನ ನೋಡಾಕತ್ತೇನಿ" ಎಂದರು. ವಾಪಸ್ಸು ಬಸ್ಸಿನಲ್ಲಿ ಕೂತ ಮೇಲೆ, "ಇದು ಒಂದ ಕಡೆ ಐತಿ. ಅಲ್ಲಿ ನಾಲ್ಕೂ ಕಡೆ ಇದ ಇರತೈತಿ" ಎಂದಷ್ಟೇ ಹೇಳಿದರು.

ಇನ್ನು ಮೆಲೆಯ ವಿಷಯ.

ಟೋಂಗಾದ ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಹೆಸರು ಮೆಲೆ. ಮೇಡಂ ಒಂದು ಅನುಮಾನ ಕೇಳಿ ಆ ಕಚೇರಿಗೆ ಮೇಲ್ ಬರೆದಿದ್ದರು. ಚಂಡಮಾರುತ ಬಂದು ಹೋದ ಮೇಲೆ ಕಟ್ಟಡಗಳಿಗೆ ಹಾಕಿದ ಹಣ ಒಮ್ಮೆಲೇ ಏರಿದಂತೆ ಕಾಣುತ್ತದೆ. ಆದರೆ ಅದರಲ್ಲಿ ಹೊಸದಾಗಿ ಕಟ್ಟಿದ್ದು ಎಷ್ಟು, ಬಿದ್ದದ್ದನ್ನೇ ಮತ್ತೆ ಎಬ್ಬಿಸಿದ್ದು ಎಷ್ಟು? "ಬಿದ್ದ ಗ್ವಾಡಿ ಮತ್ತ ಕಟ್ಟಿದ್ದನ್ನ ಗಳಿಕಿ ಅಂತ ಹೆಂಗ ಅನ್ನೂದು ಹೇಳು?" ಎಂದು ನನ್ನನ್ನೂ ಕೇಳಿದ್ದರು. ನನಗೇನು ಗೊತ್ತು. ಆದರೆ ಮೆಲೆಗೆ ಆ ಪ್ರಶ್ನೆ ಹಿಡಿಸಿತು. ಅವಳು ಉದ್ದನೆಯ ಉತ್ತರ ಬರೆದಳು. ತಮ್ಮಲ್ಲಿ ಬಳಗದವರೇ ಸೇರಿ ಮನೆ ಎಬ್ಬಿಸಿಕೊಳ್ಳುತ್ತಾರೆ, ಹೊರದೇಶದಲ್ಲಿರುವ ಅಣ್ಣತಮ್ಮಂದಿರು ದುಡ್ಡು ಕಳಿಸುತ್ತಾರೆ, ಅದೆಲ್ಲ ತಮ್ಮ ಕಚೇರಿಯ ಪಟ್ಟಿಗೆ ಸರಿಯಾಗಿ ಬರುವುದೇ ಇಲ್ಲ ಎಂದು ಒಪ್ಪಿಕೊಂಡಳು. ಅಲ್ಲಿಂದ ಇಬ್ಬರ ನಡುವೆ ಮೇಲ್‌ಗಳು ಓಡಾಡತೊಡಗಿದವು. ಮೊದಲು ಅಂಕಿಗಳು, ಆಮೇಲೆ ಮಳೆ, ಆಮೇಲೆ ಅಡುಗೆ. ನಾವು ಬೆಳಿಗ್ಗೆ ರೈಲಿಗೆ ಕಾಯುತ್ತ ನಿಂತಾಗ ಮೇಡಂ ಗಡಿಯಾರ ನೋಡಿ, "ಮೆಲೆದು ಈಗ ಮಧ್ಯಾಹ್ನದ ಊಟ ಆಗಿರತೈತಿ" ಎನ್ನುತ್ತಿದ್ದರು. ತಮ್ಮ ಬಂಧುಗಳ ಬಗ್ಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಕೋವಿಡ್ಡಿನ ಕೊನೆಯ ದಿನಗಳು. ಸಂಕ್ರಾಂತಿಯ ಸುತ್ತಮುತ್ತ ಒಂದು ದಿನ ಟೋಂಗಾದ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು, ದೊಡ್ಡ ಅಲೆಗಳು ದಂಡೆಗೆ ನುಗ್ಗಿದವು ಎಂದು ಸುದ್ದಿ ಬಂತು. ರಜೆ ಮುಗಿದು ಕಾಲೇಜಿಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕುಸುರೆಳ್ಳು ಹಂಚುತ್ತಿದ್ದರು. ನಮ್ಮ ಸಹೋದ್ಯೋಗಿಯೊಬ್ಬರು ಮೇಡಂ ಒಳಗೆ ಬರುತ್ತಲೇ, "ಏನ್ರಿ ಮೇಡಂ, ನಿಮ್ಮ ಪಿಎಚ್‌ಡಿ ಮುಳಗಿತಂತಲ್ರಿ!" ಎಂದರು. ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕರು. ಕೈಗೆ ಹಾಕಿದ ಕುಸುರೆಳ್ಳನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದು ಕ್ಲಾಸಿಗೆ ಹೋದರು.

ಸಂಜೆ ರೈಲಿನಲ್ಲಿ ಕೂತ ಮೇಲೆ ಮಾತು ಬಂತು. "ಮೂರು ಸಲ ಮೇಲ್ ಹಾಕೇನಿ. ಉತ್ತರ ಇಲ್ಲ. ಸಮುದ್ರದಾಗಿನ ಕೇಬಲ್ ಹರದೈತಂತ. ಇಡೀ ದೇಶಕ್ಕ ಅದೊಂದ ಎಳಿ ಇತ್ತು ತಂಗಿ."

"ಸರಿ ಮಾಡತಾರ ಬಿಡ್ರಿ ಮೇಡಂ."

"ಮಾಡತಾರ. ಆದ್ರ ಅಕಿ ಹೆಸರಷ್ಟ ನನಗ ಗೊತ್ತು. ಮಾರಿ ಹೆಂಗೈತಿ ಗೊತ್ತಿಲ್ಲ. ಮನಿ ದಂಡಿಗೆ ಐತೋ ಎತ್ತರಕ್ಕ ಐತೋ, ಅದನ್ನೂ ಕೇಳಿಲ್ಲ. ಊರಾಗಿನ ಬಂದರು ಎಷ್ಟ್ ಉದ್ದ ಐತಿ ಅಂತ ಕೇಳೇನಿ, ನಿನ್ನ ಮನಿ ಎಲ್ಲೈತಿ ಅಂತ ಕೇಳಿಲ್ಲ ನೋಡು."

ಹೊರಗೆ ಬ್ಯಾಡಗಿ ಬಂತು, ಹೋಯಿತು. ಡಬ್ಬಿಯಲ್ಲಿ ಎಲ್ಲರೂ ಮೂಗಿಗೆ ಮಾಸ್ಕ್ ಏರಿಸಿಕೊಂಡರು. ಮೇಡಂ ಕಣ್ಣು ಒರೆಸಿಕೊಂಡರು. ಮೆಣಸಿನಕಾಯಿಯ ಘಾಟು ಅವರಿಗೆ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

ದಿನಗಳು ಹೋದವು. ಉತ್ತರವಿಲ್ಲ. ಅವರು ಚಿಂತೆ ಮಾಡುತ್ತಿದ್ದಾರೆ ಎಂದು ಹೇಳಿಕೊಳ್ಳುವುದಕ್ಕೂ ಅವರಿಗೆ ಜನರಿರಲಿಲ್ಲ. ಹೇಳಿದರೂ ಯಾರಿಗೆ ಅರ್ಥವಾಗಬೇಕು? ಸ್ವಂತ ಮಗಳಿಗೆ ಜ್ವರ ಬಂದಿದೆ ಎಂದರೆ ಮಂದಿ ಕುಳಿತು ಕೇಳುತ್ತಾರೆ. ಮುಖ ನೋಡದ, ಬೇರೆ ಭಾಷೆಯ, ಭೂಮಿಯ ಆ ಕಡೆಯ ಗುಮಾಸ್ತೆಯೊಬ್ಬಳಿಗೆ ಏನಾಯಿತೋ ಎಂದರೆ ನಗುತ್ತಾರೆ. ಅವರ ಊಟದ ಡಬ್ಬಿಯಲ್ಲಿ ರೊಟ್ಟಿ ಹಾಗೇ ವಾಪಸ್ಸು ಹೋಗುತ್ತಿತ್ತು.

ಒಂದು ಭಾನುವಾರ ಫೋನ್ ಮಾಡಿ, "ದೇವರಗುಡ್ಡಕ್ಕ ಹೋಗೂನ ಬರ್ತೀಯೇನು?" ಎಂದರು. ಅವರು ದೇವರು ದಿಂಡರು ಎಂದು ಓಡಾಡುವವರಲ್ಲ. ನಾನು ಆಶ್ಚರ್ಯದಿಂದ ಹೊರಟೆ. ಜಾತ್ರೆ ಗೀತ್ರೆ ಏನೂ ಇಲ್ಲದ ದಿನ. ಗುಡ್ಡದ ಮೇಲೆ ಗಾಳಿ ಬಿಟ್ಟರೆ ನಾಲ್ಕಾರು ಜನ. ಮೇಡಂ ತೆಂಗಿನಕಾಯಿ, ಭಂಡಾರ ತೆಗೆದುಕೊಂಡು ಗುಡಿಯೊಳಗೆ ಹೋದರು.

"ಯಾರ ಹೆಸರಿಗ್ರಿ ತಾಯಿ?" ಎಂದರು ಪೂಜಾರಿ.

"ಮೆಲೆ."

"ಮ್ಯಾಲೆ? ಮ್ಯಾಲೆ ಹೋಗ್ಯಾರೇನ್ರಿ?" ಪೂಜಾರಿಯ ದನಿಯಲ್ಲಿ ಮರುಕವಿತ್ತು. ಸತ್ತವರ ಹೆಸರಿಗೆ ಪೂಜೆ ಎಂದು ತಿಳಿದಿರಬೇಕು.

ಮೇಡಂ ಒಮ್ಮೆಗೇ ಬೆಚ್ಚಿದರು. "ಇಲ್ರೀ! ಅದಾಳ. ಅದಾಳ ರಿ. ಹೆಸರ ಅದು, ಮೆಲೆ ಅಂತ."

"ಯಾವೂರವ್ರು?"

"ದೂರದವ್ರು."

"ನಿಮಗ ಏನಾಗಬೇಕ್ರಿ?"

ಮೇಡಂ ಉತ್ತರ ಹುಡುಕಿದರು. ಪೂಜಾರಿ ಕಾಯಲಿಲ್ಲ. ತಿಳಿದವರಂತೆ ತಲೆಯಾಡಿಸಿ, ಆ ಹೆಸರನ್ನು ತಮಗೆ ಬಂದ ಹಾಗೆ ಹೇಳಿ ಕಾಯಿ ಒಡೆದರು. ಕೆಳಗೆ ಇಳಿಯುವಾಗ ಮೇಡಂ ಅವರ ಹಣೆಯ ತುಂಬ ಅರಿಶಿನ. "ಏನಾಗಬೇಕು ಅಂತ ಹೇಳಬೇಕಿತ್ತು ತಂಗಿ?" ಎಂದು ಕೇಳಿದರು. ತಮ್ಮನ್ನೇ ಕೇಳಿಕೊಂಡ ಹಾಗಿತ್ತು.

ತಿಂಗಳು ದಾಟಿದ ಮೇಲೆ ಉತ್ತರ ಬಂತು. ಬೆಳಗಿನ ರೈಲಿನಲ್ಲಿ, ದೇವರಗುಡ್ಡ ಇನ್ನೂ ಬಂದಿರಲಿಲ್ಲ. ಮೊಬೈಲು ನೋಡುತ್ತಿದ್ದವರು ನನ್ನ ಮೊಣಕಾಲು ಹಿಡಿದುಕೊಂಡರು. ಇಂಗ್ಲಿಷಿನಲ್ಲಿದ್ದುದನ್ನು ನನಗೆ ನಮ್ಮ ಮಾತಿನಲ್ಲೇ ಹೇಳುತ್ತ ಹೋದರು. "ಅರಾಮ ಅದಾಳಂತ. ಮನೀಗೆ ನೀರು ಬಂದಿಲ್ಲಂತ. ಅತ್ತಿ ಮನಿ ಹೋಗೇತಂತ. ದಂಡಿಗೆ ಇತ್ತಂತ ಅದು. ಅತ್ತಿ ಉಳದಾಳ. ಊರ ತುಂಬ ಬೂದಿ ಬಿದ್ದು ಕುಡಿಯೂ ನೀರೆಲ್ಲ ಹೊಲಸಾಗೇತಂತ. ಆಫೀಸಿನವರೆಲ್ಲಾ ಬಿದ್ದ ಮನಿ ಎಣಸಾಕ ಹೊಂಟಾರಂತ." ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಹೇಳಿದರು: "ನಾ ಕೇಳಿದ್ದ ಅಂಕಿ ಕಳಿಸೂದು ತಡಾ ಆತು ಅಂತ ಕ್ಷಮಾ ಕೇಳ್ಯಾಳ ನೋಡು."

ಆ ದಿನ ಮೇಡಂ ಇಡೀ ಸ್ಟಾಫ್ ರೂಮಿಗೆ ಪೇಢೆ ಕೊಟ್ಟರು. ಯಾಕೆಂದು ಯಾರೂ ಕೇಳಲಿಲ್ಲ. ಪಿಎಚ್‌ಡಿ ಮುಗಿದಿರಬೇಕು ಎಂದುಕೊಂಡು ಒಂದಿಬ್ಬರು ಕೈ ಕುಲುಕಿದರು.

ಪಿಎಚ್‌ಡಿ ಮುಗಿದಿರಲಿಲ್ಲ. ಅದರ ಅವಧಿ ಮುಗಿಯುತ್ತ ಬಂದಿತ್ತು. ಒಂದು ಸಲ ವಿಸ್ತರಣೆ ಪಡೆದಾಗಿತ್ತು, ಇನ್ನೊಂದು ಸಿಗುವಂತಿರಲಿಲ್ಲ. ಅವರ ಗೈಡ್ ಒಳ್ಳೆಯ ಮನುಷ್ಯ. ಧಾರವಾಡಕ್ಕೆ ಕರೆಸಿ ಕೂರಿಸಿಕೊಂಡು ಬುದ್ಧಿ ಹೇಳಿದರು. ಅಂದು ನಾನೂ ಜೊತೆಗಿದ್ದೆ.

"ಸ್ಫೋಟಕ್ಕಿಂತ ಹಿಂದಿನ ವರ್ಷಕ್ಕ ನಿಲ್ಲಿಸಿಬಿಡ್ರಿ. ಅಲ್ಲೀತನಕ ನಿಮ್ಮ ಕೆಲಸ ಪೂರ್ತಿ ಅದ. ಇದೇ ತಿಂಗಳು ಕೊಟ್ಟುಬಿಡ್ರಿ. ಯಾರೂ ತಪ್ಪು ಅನ್ನೂದಿಲ್ಲ."

"ತಪ್ಪು ಅನ್ನೂದಿಲ್ಲ ಸರ್, ಗೊತ್ತೈತಿ" ಎಂದರು ಮೇಡಂ. "ಆದ್ರ ನನ್ನ ಕೊನೀ ಅಧ್ಯಾಯ ಇರೂದ ಕಟ್ಟಿದ್ದು ಉಳೀತೋ ಇಲ್ಲೋ ಅನ್ನೂದರ ಮ್ಯಾಲೆ. ಕೊಚ್ಚಿಕೊಂಡು ಹೋಗೂಕಿಂತ ಮೊದಲ ಗೆರಿ ಎಳದ್ರ, ಉಳದೈತಿ ಅಂತ ಬರದಂಗ ಆಗತೈತಿ. ಉಳದಿಲ್ಲ ಅನ್ನೂದು ನನಗ ಗೊತ್ತೈತಲ್ಲ ಸರ್."

"ಹೊಸಾ ಅಂಕಿ ಬರ್ಲಿಕ್ಕೆ ವರ್ಷಗಟ್ಟಲೆ ಆಗ್ತದ. ಅಷ್ಟ್ರಾಗ ನಿಮ್ಮ ರಿಜಿಸ್ಟ್ರೇಷನ್ ರದ್ದಾಗ್ತದ. ಇಷ್ಟು ವರ್ಷ ದುಡದದ್ದು ಏನಾಗಬೇಕ್ರಿ?"

"ಅದನ್ನ ನಾನೂ ದಿನಾ ಕೇಳ್ಕೋತೇನಿ ಸರ್."

ಅವರು ಎದ್ದು ನಮಸ್ಕಾರ ಮಾಡಿದರು. ಗೈಡ್ ಕೂಡ ಎದ್ದು ನಿಂತರು, ಬಾಗಿಲವರೆಗೆ ಬಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಮುಖ ತಿರುಗಿಸಿ ಕೂತಿದ್ದೆ. ಡಾಕ್ಟರ್ ಎಂದು ಹೆಸರಿನ ಮುಂದೆ ಬರೆದುಕೊಳ್ಳುವ ಆಸೆ ಅವರಿಗಿತ್ತು. ಮಾಳಿಗೆಯ ಬಾಗಿಲಿಗೆ ಎಂಥ ಫಲಕ ಹಾಕಿಸಬೇಕು ಎಂದು ಒಮ್ಮೆ ನನ್ನನ್ನು ಕೇಳಿದ್ದರು. ಹಾವೇರಿ ದಾಟಿದ ಮೇಲೆ ಅವರೇ ನನ್ನ ಕೈ ಮೇಲೆ ಕೈ ಇಟ್ಟರು. "ಸಿಟ್ಟಾಗಬ್ಯಾಡ. ನನಗೂ ಕೆಟ್ಟ ಅನಸೇತಿ" ಎಂದರು.

ರಿಜಿಸ್ಟ್ರೇಷನ್ ರದ್ದಾಯಿತು. ಕಾಲೇಜಿನಲ್ಲಿ ಕೆಲವರು ಅಯ್ಯೋ ಎಂದರು, ಕೆಲವರು ಹುಚ್ಚು ಎಂದರು. ಅವರು ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಹೊಸ ಅಂಕಿಗಳು ಬಂದಂತೆಲ್ಲ ಕೊನೆಯ ಅಧ್ಯಾಯ ತಿದ್ದಿದರು. ಎರಡೂ ದೇಶಗಳನ್ನು ಪಕ್ಕಪಕ್ಕ ಇಟ್ಟು, ಕಟ್ಟಿದ್ದು, ಬಿದ್ದದ್ದು, ಮತ್ತೆ ಎಬ್ಬಿಸಿದ್ದು ಎಂದು ಬೇರೆ ಬೇರೆ ಮಾಡಿ ಮುಗಿಸಿದರು. ಮುಗಿದ ದಿನ ಅದನ್ನು ಕಳಿಸಿದ್ದು ಮೆಲೆಗೆ. ಮೆಲೆ ಮತ್ತು ಅವಳ ಪಕ್ಕದ ಮೇಜಿನವಳು ಕೂತು ಪೂರ್ತಿ ಓದಿ, ಕೆಲವು ಕಡೆ ತಿದ್ದಿ ವಾಪಸ್ಸು ಕಳಿಸಿದರು. "ಇಬ್ಬರು ಓದ್ಯಾರ ತಂಗಿ, ಪೂರ್ತಿ" ಎಂದರು ಮೇಡಂ. ನಾನು ಓದುತ್ತೇನೆ ಎಂದು ಇಸಿದುಕೊಂಡೆ. ನನಗೆ ಅರ್ಧವೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಹೇಳಿ ವಾಪಸ್ಸು ಕೊಟ್ಟೆ, ಅವರು ನಕ್ಕರು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಡಳಿತ ಮಂಡಳಿಯ ಹಿರಿಯರೊಬ್ಬರು ಮೇಡಂ ಅವರ ವಿದ್ವತ್ತನ್ನು ಬಾಯಿ ತುಂಬ ಹೊಗಳಿ, ಮಾಲ್ಡೀವ್ಸಿನ ಬಗ್ಗೆ ಅವರು ಮಾಡಿದ ಅಧ್ಯಯನ ನಮ್ಮ ಸಂಸ್ಥೆಗೆ ಕೀರ್ತಿ ಎಂದರು. ನಾನು ಕುರ್ಚಿಯಲ್ಲಿ ಮಿಸುಕಾಡಿದೆ. ಮೇಡಂ ವೇದಿಕೆಯ ಮೇಲಿಂದಲೇ ನನ್ನ ಕಡೆ ನೋಡಿ, ಸುಮ್ಮನಿರು ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಆಮೇಲೆ ಬೆಳಗಿನ ರೈಲಿನಲ್ಲಿ ನನ್ನ ಎದುರಿನ ಸೀಟಿಗೆ ಬೇರೆಯವರು ಕೂತರು. ಮೊದಲು ವಾರಕ್ಕೊಮ್ಮೆ ಅವರ ಮಾಳಿಗೆ ಹತ್ತುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. ಹೋದಾಗ ಚಹಾ ಮಾಡಿ, ಕಾಲೇಜಿನ ಯಾವ ಸುದ್ದಿಯನ್ನೂ ಕೇಳದೆ, ಮೆಲೆಯ ಅತ್ತೆಗೆ ಎತ್ತರದಲ್ಲಿ ಹೊಸ ಮನೆ ಆಯಿತು ಎಂದೋ, ಅವಳ ಮಗಳು ಶಾಲೆಗೆ ಸೇರಿದಳು ಎಂದೋ ಹೇಳುತ್ತಿದ್ದರು. ನಾನು ಏಳುತ್ತೇನೆ ಎಂದರೆ, "ಇನ್ನೊಂದ್ ಕಪ್ ಇಡತೇನಿ ಕುಂದ್ರು" ಎನ್ನುತ್ತಿದ್ದರು. ಕೆಲವು ಸಲ ಕೂತೆ. ಕೆಲವು ಸಲ ಮನೆಯಲ್ಲಿ ಕೆಲಸವಿದೆ ಎಂದು ಎದ್ದು ಬಂದೆ. ಮೆಟ್ಟಿಲ ಮೇಲೆ ನಿಂತು ನಾನು ಓಣಿ ತಿರುಗುವ ತನಕ ನೋಡುತ್ತಿದ್ದರು.

ಹೋದ ವರ್ಷ ಸುಗ್ಗಿಯ ದಿನಗಳಲ್ಲಿ ಅವರು ತೀರಿಕೊಂಡರು. ಹೃದಯ ನಿಂತಿತ್ತು ಎಂದರು ಡಾಕ್ಟರು. ಬೆಳಗಿನ ಹಾಲಿನ ಪ್ಯಾಕೆಟ್ ಮಧ್ಯಾಹ್ನವಾದರೂ ಮೆಟ್ಟಿಲ ಮೇಲೇ ಇದ್ದುದನ್ನು ಕೆಳಗಿನ ಮನೆಯ ಹೆಂಗಸು ನೋಡಿ ಮೇಲೆ ಹತ್ತಿ ಹೋಗಿದ್ದಳು. ಅಣ್ಣ ಗಾಡಿ ತಂದು ಬ್ಯಾಡಗಿಗೆ ಒಯ್ದರು. ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಭಜನೆಯವರು ಬಂದಿದ್ದರು. ಅಣ್ಣ ಮಗುವಿನ ಹಾಗೆ ಅಳುತ್ತಿದ್ದರು. ಮರುದಿನ ಮೆರವಣಿಗೆ ಮಾರುಕಟ್ಟೆಯ ದಾರಿಯಲ್ಲಿ ಹೋಯಿತು. ಎರಡೂ ಕಡೆ ಮೆಣಸಿನಕಾಯಿ ಚೀಲಗಳ ಒಟ್ಟಿಲು. ಬಂದವರೆಲ್ಲ ಸೆರಗು, ಕರವಸ್ತ್ರ ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾರು ಅಳುತ್ತಿದ್ದಾರೆ, ಯಾರಿಗೆ ಘಾಟು ಹತ್ತಿದೆ ಎಂದು ಹೇಳುವ ಹಾಗಿರಲಿಲ್ಲ.

ಮೆಲೆಗೆ ಯಾರು ತಿಳಿಸಬೇಕು? ಮನೆಯವರಿಗೆ ಅವಳು ಇದ್ದಾಳೆಂಬುದೇ ಗೊತ್ತಿರಲಿಲ್ಲ. ಹಿಂದೊಮ್ಮೆ ಮೇಡಂ ಅವರ ಮೊಬೈಲು ಕೆಟ್ಟಾಗ ನನ್ನ ಮೊಬೈಲಿನಿಂದ ಅವಳಿಗೆ ಬರೆದಿದ್ದರು. ಆ ವಿಳಾಸ ಹುಡುಕಿ, ನನಗೆ ಬಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ.

ಮರುದಿನವೇ ಉತ್ತರ ಬಂತು. ಬೆಳಗಿನ ರೈಲಿನಲ್ಲಿ ಒಬ್ಬಳೇ ಕೂತು ಓದಿದೆ. ಆಫೀಸಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಎದ್ದು ನಿಂತರಂತೆ. ಬರುವ ಭಾನುವಾರ ಅವರ ಇಗರ್ಜಿಯಲ್ಲಿ ಮೇಡಂ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರಂತೆ. ಹೆಸರನ್ನು ಹೇಗೆ ಉಚ್ಚರಿಸಬೇಕು, ತಪ್ಪಾಗಬಾರದು, ಬಿಡಿಸಿ ಬರೆದು ಕಳಿಸಿ ಎಂದು ಕೇಳಿದ್ದಳು. ಕೊನೆಗೆ ಇನ್ನೊಂದು ಮಾತು ಕೇಳಿದ್ದಳು: ನಮ್ಮಲ್ಲಿ ತೀರಿಕೊಂಡವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವುದಿಲ್ಲ, ಊರವರು ಸುತ್ತ ಕೂತು ಬೆಳಗಿನ ತನಕ ಹಾಡುತ್ತಾರೆ. ನಿಮ್ಮಲ್ಲೂ ಹಾಗೆ ಮಾಡುತ್ತಾರೆಯೇ? ಅವರ ಹತ್ತಿರ ಯಾರಾದರೂ ಇದ್ದರೇ?

ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಬರೆದೆ. ನಮ್ಮಲ್ಲೂ ಹಾಗೆಯೇ, ಬ್ಯಾಡಗಿಯ ಅಣ್ಣನ ಮನೆಯಲ್ಲಿ ಓಣಿಯ ಜನವೆಲ್ಲ ಸೇರಿತ್ತು, ಬೆಳಕು ಹರಿಯುವ ತನಕ ಭಜನೆ ನಿಲ್ಲಲಿಲ್ಲ, ನಾನೂ ಅಲ್ಲೇ ಕೂತಿದ್ದೆ ಎಂದು ಬರೆದೆ. ಅದೆಲ್ಲ ನಿಜವೇ. ಕೆಳಗಿನ ಮನೆಯ ಹೆಂಗಸು ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ಮೇಲೆ ಹತ್ತಿ ಬಾಗಿಲು ತಟ್ಟುವ ತನಕದ ಹೊತ್ತಿನ ಬಗ್ಗೆ ಏನೂ ಬರೆಯಲಿಲ್ಲ.